ಕನಿಷ್ಠ ವೇತನ ಮತ್ತು ಆದಾಯ ತೆರಿಗೆ: 77 ಪೆನ್ಸ್‌ನ ಲೆಕ್ಕ

ನಮ್ಮ ಶಾಲೆಯ ಹಿರಿಯ ತರಗತಿಯ ಮಕ್ಕಳಲ್ಲಿ ಕೆಲವರು ಈಗಾಗಲೇ ಶನಿವಾರ ಭಾನುವಾರಗಳಲ್ಲಿ ಅಂಗಡಿ, ಕೆಫೆಗಳಲ್ಲಿ ಕೆಲಸಕ್ಕೆ ಸೇರಿದ್ದಾರೆ. ಅವರ ಕೈಗೆ ಬರುವ ಪೇ ಸ್ಲಿಪ್ಪಿನಲ್ಲಿ ಒಂದು ಕಡೆ ದುಡಿದ ಹಣ, ಇನ್ನೊಂದು ಕಡೆ ಕಡಿತ ಇರುತ್ತದೆ. ಮೊದಲನೆಯದನ್ನು ಕನಿಷ್ಠ ವೇತನದ ಕಾನೂನು ಕಾಯುತ್ತದೆ, ಎರಡನೆಯದನ್ನು ತೆರಿಗೆಯ ಕಾನೂನು ನಿರ್ಧರಿಸುತ್ತದೆ. ಈ ಎರಡೂ ಒಂದೇ ಮನೆಯ ಅಡುಗೆಗೆ ಸೇರಬೇಕಾದ ಹಣದ ಮಾತೇ ಆಗಿದ್ದರೂ ಇವುಗಳನ್ನು ಬೇರೆ ಬೇರೆಯಾಗಿಯೇ ಚರ್ಚಿಸುವುದು ರೂಢಿಯಾಗಿದೆ. ಈ ಪಾಠದಲ್ಲಿ ನಾವು ಎರಡನ್ನೂ ಒಟ್ಟಿಗೆ ಇಟ್ಟು ನೋಡೋಣ. ಬರೇ ಕೂಡಿಸುವುದು, ಗುಣಿಸುವುದು ಬಂದರೆ ಸಾಕು.

ಬ್ರಿಟನ್ನಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ವೇತನ ಬಂದದ್ದು 1999ರ ಏಪ್ರಿಲ್ 1ರಂದು. ಆಗ ವಯಸ್ಕರಿಗೆ ಗಂಟೆಗೆ 3 ಪೌಂಡ್ 60 ಪೆನ್ಸ್. 2025ರ ಏಪ್ರಿಲ್‌ನಲ್ಲಿ 21 ದಾಟಿದವರಿಗೆ ಅದು 12 ಪೌಂಡ್ 21 ಪೆನ್ಸ್ ಆಯಿತು. ಮಧ್ಯದ ಸಂಬಳದ ಮೂರರಲ್ಲಿ ಎರಡು ಪಾಲಿಗೆ ಇದನ್ನು ಏರಿಸಬೇಕೆಂಬ ಗುರಿ 2024ರಲ್ಲೇ ಮುಟ್ಟಿತ್ತು. ಕನಿಷ್ಠ ವೇತನ ಹೀಗೆ ಮಧ್ಯದ ಸಂಬಳದ ಹತ್ತಿರಕ್ಕೆ ಬಂದಾಗ ಕೇರ್ ಹೋಮ್, ಸೂಪರ್ ಮಾರ್ಕೆಟ್, ಹೋಟೆಲ್, ಶುಚಿ ಕೆಲಸ ಎಲ್ಲ ಸೇರಿ ಬಹಳ ಜನ ಒಂದೇ ಮೆಟ್ಟಿಲ ಮೇಲೆ ಅಥವಾ ಅದರ ಪಕ್ಕದಲ್ಲಿ ನಿಂತಿರುತ್ತಾರೆ. ಆ ಮೆಟ್ಟಿಲ ಮೇಲೆ ತೆರಿಗೆ ಎಷ್ಟು ಎಂಬುದು ಅಷ್ಟೂ ಜನರ ಪ್ರಶ್ನೆ.

ಈಗ ಲೆಕ್ಕಕ್ಕೆ ಬರೋಣ. ವಾರಕ್ಕೆ 35 ಗಂಟೆಯಂತೆ 52 ವಾರಕ್ಕೆ 1,820 ಗಂಟೆ. 12.21ರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 22,222 ಪೌಂಡ್. 2025-26ರಲ್ಲಿ ಮೊದಲ 12,570 ಪೌಂಡಿಗೆ ಆದಾಯ ತೆರಿಗೆ ಇಲ್ಲ. ಇದಕ್ಕೆ ಪರ್ಸನಲ್ ಅಲೋವೆನ್ಸ್ ಎನ್ನುತ್ತಾರೆ. ಉಳಿದ 9,652 ಪೌಂಡಿಗೆ 20 ಶೇಕಡಾ ತೆರಿಗೆ, ಅದರ ಮೇಲೆ 8 ಶೇಕಡಾ ನ್ಯಾಷನಲ್ ಇನ್ಶೂರೆನ್ಸ್. (ಸ್ಕಾಟ್ಲೆಂಡಿನವರ ಆದಾಯ ತೆರಿಗೆಯ ದರಗಳು ಬೇರೆ, ಅಲ್ಲಿನ ಓದುಗರು ಮನ್ನಿಸಬೇಕು.) ಒಟ್ಟು ಕಡಿತ ಸುಮಾರು 2,700 ಪೌಂಡ್. ಸರ್ಕಾರವೇ ಬದುಕಲು ಬೇಕಾದ ಕನಿಷ್ಠ ಎಂದು ಗೊತ್ತುಮಾಡಿದ ಕೂಲಿಯಿಂದ ಸರ್ಕಾರವೇ ಎಂಟರಲ್ಲಿ ಒಂದು ಪಾಲನ್ನು ಹಿಂದಕ್ಕೆ ಪಡೆಯುತ್ತದೆ!

ಮೊದಲಿಂದಲೂ ಹೀಗೇ ಇತ್ತೇ? ಇದಕ್ಕೆ ನಾವು ಒಂದು ಸುಲಭದ ಅಳತೆಗೋಲು ಮಾಡಿಕೊಳ್ಳೋಣ. ಕನಿಷ್ಠ ವೇತನದಲ್ಲಿ ವಾರಕ್ಕೆ ಎಷ್ಟು ಗಂಟೆ ದುಡಿದರೆ ಆದಾಯ ತೆರಿಗೆ ಶುರುವಾಗುತ್ತದೆ? 1999-2000ರಲ್ಲಿ ಅಲೋವೆನ್ಸ್ 4,335 ಪೌಂಡ್; ಅಂದರೆ ವಾರಕ್ಕೆ 23 ಗಂಟೆ. 2010ರ ನಂತರದ ಸರ್ಕಾರಗಳು ಅಲೋವೆನ್ಸನ್ನು ಬೇಗ ಬೇಗ ಏರಿಸಿದವು. 2021ರಲ್ಲಿ ಅದು 12,570 ಪೌಂಡ್, ಕೂಲಿ 8.91 ಪೌಂಡ್, ತೆರಿಗೆ ಶುರುವಾಗುತ್ತಿದ್ದದ್ದು 27ನೇ ಗಂಟೆ ಮುಗಿದ ಮೇಲೆ. ಆಮೇಲೆ ಕೂಲಿ ಏರುತ್ತಾ ಹೋಯಿತು, ಅಲೋವೆನ್ಸ್ ಮಾತ್ರ 12,570ರಲ್ಲೇ ನಿಂತಿತು. 2025ರಲ್ಲಿ 20 ಗಂಟೆ ತುಂಬುವ ಮೊದಲೇ ತೆರಿಗೆ ಬಾಗಿಲು ತಟ್ಟಿತು. ಯಾರೂ ತೆರಿಗೆ ಏರಿಸುತ್ತೇವೆಂದು ಘೋಷಿಸಲಿಲ್ಲ, ಗೆರೆಯನ್ನು ಸುಮ್ಮನೆ ಅಲ್ಲೇ ಬಿಟ್ಟರು, ಅಷ್ಟೆ. 2024ರಲ್ಲಿ ನ್ಯಾಷನಲ್ ಇನ್ಶೂರೆನ್ಸ್ ದರವನ್ನು 12ರಿಂದ 8 ಶೇಕಡಕ್ಕೆ ಇಳಿಸಿದ್ದರಿಂದ ಸ್ವಲ್ಪ ಪರಿಹಾರ ಸಿಕ್ಕಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಇನ್ನು ಪಾಠದ ಮುಖ್ಯ ಲೆಕ್ಕ. ಕಡಿಮೆ ಆದಾಯದ ಕುಟುಂಬಕ್ಕೆ ಸರ್ಕಾರ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವು ಕೊಡುತ್ತದೆ. ದುಡಿಮೆ ಒಂದು ಮಟ್ಟ ದಾಟಿದ ಮೇಲೆ ಕೈಗೆ ಬರುವ ಪ್ರತಿ ಹೆಚ್ಚಿನ ಪೌಂಡಿಗೆ 55 ಪೆನ್ಸ್ ನೆರವು ಕಡಿಮೆಯಾಗುತ್ತದೆ. (2021ರ ನವೆಂಬರ್ ತನಕ 63 ಪೆನ್ಸ್ ಇತ್ತು.) ಕೇರ್ ಹೋಮಿನಲ್ಲಿ ಪೂರ್ತಿ ಹೊತ್ತು ದುಡಿಯುವ, ಈ ನೆರವು ಪಡೆಯುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. 2025ರಲ್ಲಿ ಕನಿಷ್ಠ ವೇತನ 11.44ರಿಂದ 12.21ಕ್ಕೆ ಏರಿತು, ಅಂದರೆ ಗಂಟೆಗೆ 77 ಪೆನ್ಸ್ ಹೆಚ್ಚಳ. ಅದರಲ್ಲಿ ಆದಾಯ ತೆರಿಗೆಗೆ 15.4 ಪೆನ್ಸ್, ನ್ಯಾಷನಲ್ ಇನ್ಶೂರೆನ್ಸಿಗೆ ಸುಮಾರು 6.2 ಪೆನ್ಸ್ ಹೋಯಿತು. ಉಳಿದ 55.4 ಪೆನ್ಸಿಗೆ ನೆರವಿನಲ್ಲಿ 30.5 ಪೆನ್ಸ್ ಕಡಿತ. ಆಕೆಗೆ ದಕ್ಕಿದ್ದು ಸುಮಾರು 25 ಪೆನ್ಸ್. ಮಾಲೀಕರೋ, 77 ಪೆನ್ಸ್ ಜೊತೆಗೆ ತಮ್ಮ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ 15 ಶೇಕಡಾ ಸೇರಿಸಿ ಸುಮಾರು 89 ಪೆನ್ಸ್ ಕೊಟ್ಟರು. (ಸಣ್ಣ ಉದ್ಯಮಗಳಿಗೆ ಇದರಲ್ಲಿ ರಿಯಾಯಿತಿ ಇದೆ.) ನಡುವಿನ ಸುಮಾರು 64 ಪೆನ್ಸ್ ಸರ್ಕಾರಕ್ಕೆ ಸೇರಿತು. ಕೊಟ್ಟವರಿಗೆ ಬಹಳ ಕೊಟ್ಟೆವೆನಿಸುತ್ತದೆ, ಪಡೆದವರಿಗೆ ಏನೂ ಬಂದಂತೆ ಅನಿಸುವುದಿಲ್ಲ. ಇಬ್ಬರು ಹೇಳುವುದೂ ನಿಜವೇ.

ಹಾಗಾದರೆ ನೆರವಿನ ಕಡಿತವನ್ನು ತೆಗೆದೇಬಿಡಬಾರದೇ ಎಂದು ಮಕ್ಕಳು ಕೇಳಬಹುದು. ಈ ಪ್ರಶ್ನೆಗೆ ಗಣಿತದ ರೂಪ ಕೊಟ್ಟವರು ಸ್ಕಾಟ್ಲೆಂಡಿನ ಜೇಮ್ಸ್ ಮಿರ್ಲೀಸ್. ಅವರ ಲೇಖನ ಬಂದದ್ದು 1971ರಲ್ಲಿ, ನೊಬೆಲ್ ಬಹುಮಾನ 1996ರಲ್ಲಿ. ಸರ್ಕಾರಕ್ಕೆ ಕಾಣುವುದು ಆದಾಯ ಮಾತ್ರ. ಅದರ ಹಿಂದಿರುವ ಸಾಮರ್ಥ್ಯವಾಗಲಿ, ಪಟ್ಟ ಶ್ರಮವಾಗಲಿ ಕಾಣುವುದಿಲ್ಲ ಎಂಬಲ್ಲಿಂದ ಅವರು ಹೊರಟರು. ವರ್ಷಕ್ಕೆ 12,000 ಪೌಂಡ್ ಗಳಿಸುವವರು ಕಷ್ಟಪಟ್ಟು ದುಡಿಯುವವರೂ ಆಗಿರಬಹುದು, ವಾರಕ್ಕೆ ಅರ್ಧ ದಿನ ಸಲಹೆ ಕೊಡುವ ತಜ್ಞರೂ ಆಗಿರಬಹುದು. ಕೆಳಗಿನವರಿಗೆ ಕೈ ತುಂಬ ಕೊಟ್ಟು ನಿಧಾನವಾಗಿ ಹಿಂದಕ್ಕೆ ಪಡೆದರೆ ನೆರವು ಮೇಲಿನವರ ತನಕ ಹಬ್ಬಿ ಖಜಾನೆ ಬರಿದಾಗುತ್ತದೆ. ಬೇಗ ಹಿಂದಕ್ಕೆ ಪಡೆದರೆ ಇನ್ನೊಂದು ಗಂಟೆ ದುಡಿಯುವ ಉತ್ಸಾಹವೇ ಇಂಗುತ್ತದೆ. ಕಡಿಮೆ ಖರ್ಚು, ಉದಾರ ನೆರವು, ಕಡಿಮೆ ಕಡಿತ, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ.

ಇನ್ನೊಂದು ಕಷ್ಟವೂ ಇದೆ. ಅದನ್ನು ತಿಳಿಯಲು 1795ರ ಇಂಗ್ಲೆಂಡಿಗೆ ಹೋಗಬೇಕು. ಆ ವರ್ಷ ಬ್ರೆಡ್ಡಿನ ಬೆಲೆ ವಿಪರೀತ ಏರಿತ್ತು. ಬರ್ಕ್‌ಷೈರಿನ ನ್ಯೂಬರಿ ಪಕ್ಕದ ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ ಮೇ ತಿಂಗಳಲ್ಲಿ ಮ್ಯಾಜಿಸ್ಟ್ರೇಟರು ಸಭೆ ಸೇರಿದರು. ಸಭೆ ಕರೆದದ್ದು ಬೇಸಾಯದ ಕೂಲಿಯನ್ನು ಗೊತ್ತುಮಾಡುವುದಕ್ಕೆ. ಆದರೆ ಅವರು ಅದನ್ನು ಬಿಟ್ಟು ಬೇರೆ ದಾರಿ ಹಿಡಿದರು. ಬ್ರೆಡ್ಡಿನ ಬೆಲೆಗೂ ಕುಟುಂಬದ ತಲೆಗಳಿಗೂ ತಕ್ಕಂತೆ ಕೂಲಿಗೆ ಮೇಲೊಂದಿಷ್ಟು ಸೇರಿಸಿ, ಊರಿನ ತೆರಿಗೆಯಿಂದ ಕೊಡುವುದೆಂದು ಪಟ್ಟಿ ಮಾಡಿದರು. ಅದೇ ಚಳಿಗಾಲ ಸ್ಯಾಮ್ಯುಯೆಲ್ ವಿಟ್‌ಬ್ರೆಡ್ ಪಾರ್ಲಿಮೆಂಟಿನಲ್ಲಿ ಕನಿಷ್ಠ ಕೂಲಿಯ ಮಸೂದೆ ತಂದರು. 1796ರಲ್ಲಿ ಅದು ಬಿದ್ದುಹೋಯಿತು. ಹೀಗೆ ಒಂದು ಉಪಕರಣ ಉಳಿದು ಇನ್ನೊಂದು ಹೋಯಿತು. ಮುಂದೆ ಕೇಳಿಬಂದ ದೂರು ಏನೆಂದರೆ, ಊರಿನವರು ಹೇಗೂ ತುಂಬಿಕೊಡುತ್ತಾರೆಂದು ರೈತ ಮಾಲೀಕರು ಕೂಲಿಯನ್ನೇ ಕಡಿಮೆ ಕೊಟ್ಟರು ಎಂದು. ಇದು ಎಷ್ಟು ಕಡೆ ನಿಜವಾಯಿತೆಂಬುದರಲ್ಲಿ ಇತಿಹಾಸಕಾರರಿಗೆ ಇಂದಿಗೂ ಒಮ್ಮತವಿಲ್ಲ. ಆದರೂ ಆ ಭಯ ಹುಸಿಯಲ್ಲ. ತಳವಿಲ್ಲದ ಕೊಡಕ್ಕೆ ನೀರು ಹೊಯ್ದರೆ ಅದು ಬೇರೆಯವರ ತೋಟಕ್ಕೆ ಹರಿಯುತ್ತದೆ.

ಡೇವಿಡ್ ಲೀ ಮತ್ತು ಇಮ್ಯಾನುಯೆಲ್ ಸಾಯೆಜ್ 2012ರಲ್ಲಿ ಪ್ರಕಟಿಸಿದ ಲೇಖನ ಇದನ್ನೇ ತರ್ಕಬದ್ಧವಾಗಿ ಹೇಳಿತು. ದುಡಿಯುವವರಿಗೆ ನೆರವು ಕೊಟ್ಟರೆ ಕೆಲಸಕ್ಕೆ ಬರುವವರು ಹೆಚ್ಚಿ ಕೂಲಿ ಇಳಿಯುತ್ತದೆ; ಕನಿಷ್ಠ ವೇತನವೆಂಬ ತಳ ಇದ್ದರೆ ಇಳಿಯದು. ಆದ್ದರಿಂದ ಇವೆರಡೂ ಒಂದಕ್ಕೊಂದು ಪೂರಕ. ಆದರೆ ಇದಕ್ಕೆ ಷರತ್ತುಗಳಿವೆ. ಕೂಲಿ ಏರಿದಾಗ ಕೆಲಸ ಕಳೆದುಕೊಳ್ಳುವವರು ಆ ಕೆಲಸದ ಅಗತ್ಯ ಅಷ್ಟಾಗಿ ಇಲ್ಲದವರಾಗಿರಬೇಕು ಎಂದು ಲೇಖನ ಊಹಿಸಿಕೊಳ್ಳುತ್ತದೆ. ನಿಜ ಜೀವನದಲ್ಲಿ ಹಾಗೇ ಆಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ನಮ್ಮ ಪೋಷಕರು ಗಮನಿಸಬೇಕಾದ ಇನ್ನೆರಡು ವಿಷಯಗಳಿವೆ. ಅಲೋವೆನ್ಸ್ ಏರಿಸಿ ಎಂಬ ಕೂಗು ಕೇಳಲು ಚೆನ್ನ, ಆದರೆ ಸಾವಿರ ಪೌಂಡ್ ಏರಿಸಿದರೆ ಪೂರ್ತಿ ಹೊತ್ತು ದುಡಿಯುವವರಿಗೆ 200 ಪೌಂಡ್ ಉಳಿತಾಯ, 60,000 ಗಳಿಸುವವರಿಗೂ ಕನಿಷ್ಠ ಅಷ್ಟೇ. ಮಕ್ಕಳನ್ನು ನೋಡಿಕೊಳ್ಳಲು ವಾರಕ್ಕೆ 16 ಗಂಟೆ ಮಾತ್ರ ದುಡಿಯುವ ತಾಯಿಗೆ ಸೊನ್ನೆ. ಕನಿಷ್ಠ ವೇತನದ ಎಲ್ಲರೂ ಬಡವರೂ ಅಲ್ಲ. ಗಂಡ ಒಳ್ಳೆಯ ಸಂಬಳದಲ್ಲಿದ್ದು ಹೆಂಡತಿ ಶಾಲೆಯ ಊಟದ ಹೊತ್ತಿಗೆ ಎರಡು ಗಂಟೆ ಕೆಲಸಕ್ಕೆ ಹೋಗುವ ಮನೆಗಳು ನಮ್ಮಲ್ಲೇ ಇವೆ. ಇಲ್ಲಿ ಆದಾಯ ತೆರಿಗೆ ನೋಡುವುದು ವ್ಯಕ್ತಿಯನ್ನು, ಯೂನಿವರ್ಸಲ್ ಕ್ರೆಡಿಟ್ ನೋಡುವುದು ಕುಟುಂಬವನ್ನು. ನಮ್ಮ ಮಟ್ಟಿಗೆ, ನೆರವಿನ ಕಡಿತದ ದರ ಇಳಿಸುವುದೇ ಅಲೋವೆನ್ಸ್ ಏರಿಸುವುದಕ್ಕಿಂತ ಗುರಿಗೆ ಹತ್ತಿರ.

ಎರಡನೆಯದು ವೀಸಾದ ಮಾತು. ಕೆಲಸದ ವೀಸಾದಲ್ಲಿ, ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಯೂನಿವರ್ಸಲ್ ಕ್ರೆಡಿಟ್ ಸಿಗುವುದಿಲ್ಲ, ತೆರಿಗೆ ಮಾತ್ರ ಎಲ್ಲರಂತೆ ಕಟ್ಟಬೇಕು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಎಂಎಸ್ಸಿ ಓದಲು ಬಂದು ಸಂಜೆ ಅಂಗಡಿಯಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ಮಿರ್ಲೀಸರ ಲೆಕ್ಕದ ಅರ್ಧ ಭಾಗ ಅನ್ವಯವೇ ಆಗುವುದಿಲ್ಲ. ಅವರಿಗಿರುವ ಆಸರೆ ಕನಿಷ್ಠ ವೇತನವೊಂದೇ. ಊರಿನ ಕಥೆ ಇನ್ನೊಂದು ಥರ. ಭಾರತದಲ್ಲಿ ಕನಿಷ್ಠ ವೇತನದ ಕಾಯಿದೆ 1948ರಲ್ಲೇ ಬಂತು, ಆದರೆ ಆ ವೇತನ ಪಡೆಯುವವರು ಆದಾಯ ತೆರಿಗೆಯ ಗೆರೆಗೆ ಎಷ್ಟೋ ಕೆಳಗಿದ್ದಾರೆ. ಅಲ್ಲಿ ಹಂಚಿಕೆ ಆಗುವುದು ಪೇ ಸ್ಲಿಪ್ಪಿನಲ್ಲಲ್ಲ, ರೇಷನ್ ಅಂಗಡಿಯಲ್ಲಿ.

ಮಾಡಿ ನೋಡಿ (2025-26ರ ದರಗಳಲ್ಲಿ):

1. ಹದಿನಾರು ವರ್ಷ ತುಂಬಿ ಶಾಲೆ ಕಡ್ಡಾಯವಾಗಿರುವ ವಯಸ್ಸು ದಾಟಿದವರಿಗೆ, 18 ಆಗುವ ತನಕ ಗಂಟೆಗೆ 7.55 ಪೌಂಡ್. ವಾರಕ್ಕೆ 8 ಗಂಟೆ ದುಡಿದರೆ ವರ್ಷಕ್ಕೆಷ್ಟು? ತೆರಿಗೆ ಬರುತ್ತದೆಯೇ? (ಉತ್ತರ: ಸುಮಾರು 3,141 ಪೌಂಡ್; ಇಲ್ಲ.)

2. ನೆರವಿನ ಕಡಿತ 55ರಿಂದ 45 ಶೇಕಡಕ್ಕೆ ಇಳಿದರೆ, ಮೇಲೆ ಹೇಳಿದ ತಾಯಿಗೆ ಹೆಚ್ಚು ದುಡಿದ 100 ಪೌಂಡಿನಲ್ಲಿ ಎಷ್ಟು ಉಳಿಯುತ್ತದೆ? (ಉತ್ತರ: 39 ಪೌಂಡ್ 60 ಪೆನ್ಸ್. ಈಗ 32 ಪೌಂಡ್ 40 ಪೆನ್ಸ್.)

3. ಇದಕ್ಕೆ ಬೇಕಾದ ಹಣವನ್ನು ಯಾರಿಂದ ತರುತ್ತೀರಿ? ಮನೆಯಲ್ಲಿ ಅಪ್ಪ ಅಮ್ಮನ ಜೊತೆ ವಾದ ಮಾಡಿ, ಒಂದು ಪುಟ ಬರೆದು ತನ್ನಿ.