ಸರ್ವೋಪಯೋಗಿ ಮಸೂರದ ಆಯ್ಕೆ: ಡಿಜಿಟಲ್ ಎಸ್.ಎಲ್.ಆರ್. ಕ್ಯಾಮರಾ ಕೊಳ್ಳುವವರಿಗೊಂದು ಪಾಠ

ಸುವರ್ಣ ಮಹೋತ್ಸವದಂಥ ಸಂದರ್ಭ ಬಂದಾಗ ಹಳೆಯ ಛಾಯಾಚಿತ್ರಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಕೆಲವು ಚಿತ್ರಗಳಲ್ಲಿ ಕೊನೆಯ ಸಾಲಿನ ಹುಡುಗನ ಮುಖವೂ ಗುರುತು ಸಿಗುವಷ್ಟು ಸ್ಪಷ್ಟ. ಮತ್ತೆ ಕೆಲವುಗಳಲ್ಲಿ ವೇದಿಕೆಯ ಮೇಲೆ ನಿಂತವರು ಗುರುಗಳೋ ಅತಿಥಿಗಳೋ ತಿಳಿಯದಷ್ಟು ಮಸುಕು. ಈ ಅಂತರಕ್ಕೆ ಛಾಯಾಗ್ರಾಹಕನ ಕೈ ಎಷ್ಟು ಕಾರಣವೋ ಕ್ಯಾಮರಾದ ಮಸೂರವೂ ಅಷ್ಟೇ ಕಾರಣ. ಇಂದು ನಾವು ತೆಗೆಯುವ ಚಿತ್ರಗಳೇ ಮುಂದೆ ಶತಮಾನೋತ್ಸವದ ಸಂಚಿಕೆಗೆ ಆಧಾರವಾಗತಕ್ಕವು. ಆದುದರಿಂದ ಹೊಸದಾಗಿ ಡಿಜಿಟಲ್ ಎಸ್.ಎಲ್.ಆರ್. ಕ್ಯಾಮರಾ ಕೊಳ್ಳುವವರು ಅದಕ್ಕೆ ಎಂಥ ಮಸೂರವನ್ನು ಜೋಡಿಸಬೇಕು, ಮನೆ, ಶಾಲೆ, ಜಾತ್ರೆ, ಗುಡಿ ಎಲ್ಲವನ್ನೂ ಒಂದೇ ಮಸೂರದಿಂದ ನಿಭಾಯಿಸಲು ಬರುವುದೇ ಎಂಬುದನ್ನು ಸೋಲಾಪುರ ಮತ್ತು ಅಕ್ಕಲಕೋಟೆಯ ನಮ್ಮ ಪರಿಸರವನ್ನೇ ಕಣ್ಣ ಮುಂದಿರಿಸಿಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಒಡಲು ಮತ್ತು ಕಣ್ಣು

ಎರಡೂ ಬದಿ ಉಬ್ಬಿ ಅಂಚಿನಲ್ಲಿ ತೆಳುವಾಗಿರುವ ಮಸೂರದ ಕಾಳನ್ನು ನಮ್ಮಲ್ಲಿ ಕಾಣದವರಿಲ್ಲ. ಅದೇ ಆಕಾರದ ಗಾಜಿಗೆ ಕನ್ನಡದಲ್ಲಿ ಆ ಕಾಳಿನ ಹೆಸರೇ ನಿಂತಿತು. ಲೆನ್ಸ್ ಎಂಬ ಮಾತು ಕೂಡ ಲ್ಯಾಟಿನ್ ಭಾಷೆಯಲ್ಲಿ ಇದೇ ಕಾಳಿನ ಹೆಸರು. ಎಸ್.ಎಲ್.ಆರ್. ಕ್ಯಾಮರಾದಲ್ಲಿ ಮಸೂರದ ಮೂಲಕ ಬಂದ ಬೆಳಕನ್ನು ಒಳಗಿನ ಕನ್ನಡಿಯೊಂದು ಮೇಲಕ್ಕೆ ತಿರುಗಿಸಿ ನೋಡುವವನ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೇಳುತ್ತದೆ. ಬೆಳಕು ಹಿಂದಿರುವ ಸಂವೇದಕದ ಮೇಲೆ ಬಿದ್ದು ಚಿತ್ರವಾಗುತ್ತದೆ. ಒಂದು ಮಸೂರವನ್ನು ಕಳಚಿ ಇನ್ನೊಂದನ್ನು ಹಾಕಲು ಬರುವುದು ಇದರ ವಿಶೇಷ ಗುಣ.

2003ರಲ್ಲಿ ಕ್ಯಾನನ್ ಕಂಪನಿಯ ಇ.ಓ.ಎಸ್. 300ಡಿ ಮಾದರಿಯು ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಬಂದು ಈ ವರ್ಗದ ಡಿಜಿಟಲ್ ಕ್ಯಾಮರಾವನ್ನು ಹವ್ಯಾಸಿಗಳ ಕೈಗೆ ತಂದಿತು. 2018ರಿಂದ ಈಚೆಗೆ ನಿಕಾನ್ ಮತ್ತು ಕ್ಯಾನನ್ ಕಂಪನಿಗಳ ಗಮನ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮರಾಗಳತ್ತ ಹೊರಳಿದೆ. ಹಾಗೆಂದು ಎಸ್.ಎಲ್.ಆರ್. ನಿರುಪಯೋಗಿಯಾಗಿಲ್ಲ. ಸುಸ್ಥಿತಿಯ ಕ್ಯಾಮರಾಗಳೂ ಮಸೂರಗಳೂ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಸಿಗುವುದರಿಂದ ಮಧ್ಯಮ ವರ್ಗದ ಕುಟುಂಬಕ್ಕೆ ಅದು ಇಂದಿಗೂ ತಕ್ಕ ಸಾಧನವೇ. ಕೊಳ್ಳುವವರು ಸಾಮಾನ್ಯವಾಗಿ ಎಷ್ಟು ಮೆಗಾಪಿಕ್ಸೆಲ್ ಎಂದು ಕ್ಯಾಮರಾದ ಒಡಲನ್ನು ವಿಚಾರಿಸುತ್ತಾರೆ. ಮಸೂರವನ್ನು ಮಾತ್ರ ಅಂಗಡಿಯವರು ಕೊಟ್ಟದ್ದನ್ನು ತರುತ್ತಾರೆ. ಆದರೆ ಒಡಲು ಬೇಗ ಹಳತಾಗುತ್ತದೆ, ಒಳ್ಳೆಯ ಮಸೂರ ಎರಡು ಮೂರು ಒಡಲುಗಳಿಗೆ ಬಾಳುತ್ತದೆ.

ಅಂಕಿಗಳ ಅರ್ಥ

ಮಸೂರದ ಅಂಚಿನಲ್ಲಿ 18–55 ಮಿ.ಮೀ., 1:3.5–5.6 ಎಂಬಂತೆ ಬರೆದಿರುತ್ತದೆ. ಮೊದಲನೆಯದು ಸಂಗಮದೂರ. ಈ ಅಂಕಿ ಚಿಕ್ಕದಾದಷ್ಟೂ ನೋಟ ಅಗಲವಾಗುತ್ತದೆ, ದೊಡ್ಡದಾದಷ್ಟೂ ದೂರದ ವಸ್ತು ಹತ್ತಿರ ಬರುತ್ತದೆ. ಎರಡನೆಯದು ಬೆಳಕಿನ ಕಂಡಿಯ ಅಳತೆ. ಇಲ್ಲಿ ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು, ಒಳಬರುವ ಬೆಳಕು ಹೆಚ್ಚು. ಮೇಲಿನ ಮಸೂರದಲ್ಲಿ 18ರ ತುದಿಯಲ್ಲಿ ಕಂಡಿ 3.5ರವರೆಗೆ ತೆರೆಯುತ್ತದೆ, 55ರ ತುದಿಯಲ್ಲಿ 5.6ರವರೆಗೆ ಮಾತ್ರ.

ರೀಲಿನ ಕ್ಯಾಮರಾ ಬಳಸಿದ ಹಿರಿಯರು ಇಲ್ಲೊಂದು ಭೇದವನ್ನು ಗಮನಿಸಬೇಕು. ರೀಲಿನ ಚೌಕಟ್ಟು 36 ಮಿ.ಮೀ. ಅಗಲವಿತ್ತು. ಸಾಮಾನ್ಯ ಡಿಜಿಟಲ್ ಎಸ್.ಎಲ್.ಆರ್.ಗಳ ಸಂವೇದಕ ನಿಕಾನ್‌ನಲ್ಲಿ ಸುಮಾರು 23.5, ಕ್ಯಾನನ್‌ನಲ್ಲಿ ಸುಮಾರು 22.3 ಮಿ.ಮೀ. ಅಗಲ. ಆದ್ದರಿಂದ ಅಂದು ಸರ್ವೋಪಯೋಗಿ ಎನಿಸಿದ್ದ 50 ಮಿ.ಮೀ. ಮಸೂರ ಇಂದಿನ ಕ್ಯಾಮರಾದಲ್ಲಿ 75 ಅಥವಾ 80ರಂತೆ ವರ್ತಿಸುತ್ತದೆ. ಅಂದಿನ 50ರ ಕೆಲಸವನ್ನು ಇಂದು ಸುಮಾರು 35 ಮಾಡುತ್ತದೆ. ಹಳೆಯ 28–80ರ ಮಸೂರ ಅಗ್ಗವಾಗಿ ಸಿಕ್ಕಿತೆಂದು ಕೊಂಡರೆ ಅಗಲದ ನೋಟವೇ ಕೈಬಿಟ್ಟು ಹೋಗುತ್ತದೆ. ಸರ್ವೋಪಯೋಗಿ ಮಸೂರ 18ರಿಂದ, ಇಲ್ಲವೇ ಅದಕ್ಕೂ ಕೆಳಗಿನಿಂದ ಆರಂಭವಾಗತಕ್ಕದ್ದು.

ದೂರದ ಲೆಕ್ಕ

ಮಸೂರದ ಆಯ್ಕೆಯನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ಏಳನೆಯ ತರಗತಿಯ ಗಣಿತ ಸಾಕು. ವಸ್ತು ಇರುವ ದೂರವನ್ನು ಸಂವೇದಕದ ಅಗಲದಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ ಚಿತ್ರದಲ್ಲಿ ಹಿಡಿಯುವ ಅಗಲ ಬರುತ್ತದೆ. ನಿಕಾನ್‌ನ ಅಳತೆಯನ್ನು ಹಿಡಿದು ಮೂರು ಉದಾಹರಣೆ ನೋಡೋಣ.

ಮೊದಲನೆಯದು ಮನೆ. ಮಗ್ಗದ ಮನೆಯ ಕಿರುಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಎದುರಿನವರು 3 ಮೀಟರಿಗಿಂತ ದೂರವಿರುವುದಿಲ್ಲ. 18 ಮಿ.ಮೀ. ಮಸೂರ ಅಲ್ಲಿ ಸುಮಾರು 3.9 ಮೀಟರ್ ಅಗಲವನ್ನು ಹಿಡಿಯುತ್ತದೆ, 28 ಮಿ.ಮೀ. ಹಿಡಿಯುವುದು 2.5 ಮೀಟರ್ ಮಾತ್ರ. ಅಜ್ಜಿಯನ್ನೂ ಮಗ್ಗವನ್ನೂ ಒಟ್ಟಿಗೆ ಹಿಡಿಯಬೇಕಾದರೆ ಮೊದಲನೆಯದೇ ಬೇಕು.

ಎರಡನೆಯದು ತರಗತಿಯ ಸಾಮೂಹಿಕ ಚಿತ್ರ. ಸಾಲಿನ ಅಗಲ 6 ಮೀಟರ್ ಎಂದುಕೊಳ್ಳೋಣ. 18ರಲ್ಲಿ 4.6 ಮೀಟರ್ ದೂರದಿಂದಲೇ ಎಲ್ಲರೂ ಬಂದಾರು. ಆದರೆ ಸಾಲಿನ ತುದಿಯ ಮಕ್ಕಳ ಮುಖ ಅಡ್ಡಕ್ಕೆ ಎಳೆದಂತೆ ಕಾಣುತ್ತದೆ. ಶಾಲೆಯ ಅಂಗಳದಲ್ಲಿ ಸುಮಾರು 9 ಮೀಟರ್ ಹಿಂದೆ ಸರಿದು 35ರಲ್ಲಿ ತೆಗೆದರೆ ಪ್ರತಿಯೊಂದು ಮುಖವೂ ಸಹಜವಾಗಿರುತ್ತದೆ. ಜಾಗವಿದ್ದಲ್ಲಿ ಕಾಲೇ ಉತ್ತಮ ಮಸೂರ.

ಮೂರನೆಯದು ವೇದಿಕೆ. ಸಭಾಂಗಣದಲ್ಲಿ ಪಾಲಕರು ಕುಳಿತ ಜಾಗದಿಂದ ವೇದಿಕೆ 15 ಮೀಟರ್ ದೂರವಿದ್ದರೆ, 55ರ ತುದಿಯಲ್ಲಿ ಕ್ಯಾಮರಾವನ್ನು ನಿಲುವಾಗಿ ಹಿಡಿದಾಗ 6.4 ಮೀಟರ್ ಎತ್ತರ ಚಿತ್ರದೊಳಗೆ ಬರುತ್ತದೆ. 1.2 ಮೀಟರ್ ಎತ್ತರದ ಮಗು ಅದರಲ್ಲಿ ಐದರಲ್ಲೊಂದು ಭಾಗಕ್ಕಿಂತ ಕಡಿಮೆ. 140ರಲ್ಲಿ ಚೌಕಟ್ಟಿನ ಎತ್ತರ 2.5 ಮೀಟರ್ ಆಗಿ ಮಗು ಅರ್ಧದಷ್ಟನ್ನು ತುಂಬುತ್ತದೆ. ಶಾಲೆಯ ಕಾರ್ಯಕ್ರಮಗಳನ್ನು ಮುಖ್ಯವಾಗಿ ತೆಗೆಯುವವರಿಗೆ 135–140ರ ತುದಿ ಏಕೆ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಈ ಎರಡೂ ತುದಿಗಳು ಬೇಕಾಗುತ್ತವೆ. ಶಿವಯೋಗಿ ಸಿದ್ಧರಾಮನ ಊರಿನ 68 ಲಿಂಗಗಳ ಪ್ರದಕ್ಷಿಣೆಗೆ ಹೊರಟ ಏಳು ನಂದಿಧ್ವಜಗಳು ಇಕ್ಕಟ್ಟಿನ ಓಣಿಯಲ್ಲಿ ಬರುವಾಗ ಬುಡದಿಂದ ತುದಿಯವರೆಗೆ ಹಿಡಿಯಲು 18 ಬೇಕು. ಧ್ವಜವನ್ನು ಹೊತ್ತವನ ಮುಖದ ಶ್ರಮ ಮತ್ತು ಭಕ್ತಿಯನ್ನು ಜನಸಂದಣಿಯ ಆಚೆಯಿಂದ ಹಿಡಿಯಲು 100ರ ಮೇಲೆ ಬೇಕು. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ವಟವೃಕ್ಷ ದೇವಾಲಯದ ಸುತ್ತಲಿನ ಜನಜಂಗುಳಿಗೂ ಇದೇ ಮಾತು ಸಲ್ಲುತ್ತದೆ.

ಆದರೆ ನಾನ್ನಜ್ ಅಭಯಾರಣ್ಯದ ಕೃಷ್ಣಮೃಗವನ್ನು ಇದೇ ಮಸೂರದಿಂದ ನಿರೀಕ್ಷಿಸಲಾಗದು. 100 ಮೀಟರ್ ದೂರದಲ್ಲಿ 140ರ ಮಸೂರ ಸುಮಾರು 17 ಮೀಟರ್ ಅಗಲವನ್ನು ಹಿಡಿಯುತ್ತದೆ. ಅದರಲ್ಲಿ ಜಿಂಕೆ ಒಂದು ಚುಕ್ಕೆ. ವನ್ಯಜೀವಿಗಳಿಗೆ ಬೇರೆಯೇ ಮಸೂರ ಬೇಕು. ಎಲ್ಲವನ್ನೂ ಮಾಡುವ ಮಸೂರವೆಂದರೆ ನಮ್ಮ ನಿತ್ಯದ ಎಲ್ಲವನ್ನೂ ಮಾಡುವ ಮಸೂರವೆಂದಷ್ಟೇ ಅರ್ಥ.

ಬೆಳಕಿನ ಲೆಕ್ಕ

ಸೋಲಾಪುರದ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಬೆಳಕಿಗೆ ಬರ ಬರುವುದು ಹೊಸ್ತಿಲು ದಾಟಿದ ಮೇಲೆ. ಗರ್ಭಗುಡಿ, ಅಡುಗೆಮನೆ, ಮಗ್ಗದ ಕೋಣೆ, ಸಂಜೆಯ ವೇದಿಕೆ ಇವೇ ನಮ್ಮ ಮುಖ್ಯ ಚಿತ್ರಗಳ ಸ್ಥಳಗಳು. ಎಫ್ 5.6ರ ಕಂಡಿಗಿಂತ 2.8ರ ಕಂಡಿ ನಾಲ್ಕು ಪಟ್ಟು, 1.8ರ ಕಂಡಿ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಮಬ್ಬು ಕೋಣೆಯಲ್ಲಿ 5.6ರಲ್ಲಿ ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗ ಬೇಕಾದ ಚಿತ್ರಕ್ಕೆ 2.8ರಲ್ಲಿ ಅರವತ್ತನೆಯ ಒಂದು ಭಾಗ, 1.8ರಲ್ಲಿ ಸುಮಾರು ನೂರೈವತ್ತನೆಯ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಕುಣಿಯುವ ಮಗುವಿನ ಕೈ ಅಳಿಸಿದಂತಾಗುತ್ತದೆ. ಕೊನೆಯದರಲ್ಲಿ ನಿಲ್ಲುವ ಸಂಭವ ಬಹಳ ಹೆಚ್ಚು.

ಇಂದಿನ ಅನೇಕ ಮಸೂರಗಳಲ್ಲಿ ಕಂಪನ ನಿವಾರಕ ವ್ಯವಸ್ಥೆಯಿದೆ. ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆ, ಎದುರಿಗಿರುವವರ ಚಲನೆಯನ್ನು ತಡೆಯುವುದಿಲ್ಲ. ಕುಳಿತ ಅಜ್ಜನಿಗೆ ಅದು ಉಪಕಾರಿ, ಕೋಲಾಟದ ತಂಡಕ್ಕಲ್ಲ.

ಕಲ್ಲಿನ ಅಕ್ಷರಗಳು

ಗಡಿನಾಡಿನ ಕನ್ನಡಿಗರಾದ ನಮಗೆ ಇನ್ನೊಂದು ಹೊಣೆಯಿದೆ. ಈ ಜಿಲ್ಲೆಯ ಹಳ್ಳಿಗಳ ಗುಡಿಗಳಲ್ಲಿ, ಹೊಲಗಳ ಬದುಗಳಲ್ಲಿ ಕನ್ನಡ ಶಾಸನಗಳು ಹರಡಿಕೊಂಡಿವೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಸಂಪಾದಿಸಿದ ಸೋಲಾಪುರ ಜಿಲ್ಲೆಯ ಶಾಸನಗಳ ಸಂಪುಟ 1988ರಲ್ಲಿ ಪ್ರಕಟವಾಯಿತು. ದಕ್ಷಿಣ ಸೋಲಾಪುರ ತಾಲೂಕಿನಲ್ಲಿ ಭೀಮಾ ಮತ್ತು ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಮರಾಠಿ ಬರಹವಿದೆ. ನೂರಾರು ಮುಖಗಳನ್ನು ಕೆತ್ತಿದ ಅಪೂರ್ವ ಲಿಂಗವೂ ಅಲ್ಲಿದೆ. ಎರಡು ಭಾಷೆಗಳು ಒಂದೇ ಮಣ್ಣಿನಲ್ಲಿ ಬೆಳೆದುದಕ್ಕೆ ಇಲ್ಲಿಯ ಕಲ್ಲುಗಳೇ ಸಾಕ್ಷಿ. ಮಳೆ, ಬಿಸಿಲು, ಸುಣ್ಣ, ಎಣ್ಣೆಗಳಿಂದ ಇಂಥ ಅಕ್ಷರಗಳು ಸವೆಯುತ್ತವೆ.

ಶಾಸನದ ಚಿತ್ರಕ್ಕೆ ಬಹುಬೆಲೆಯ ಮಸೂರ ಬೇಕಿಲ್ಲ. 35ರಿಂದ 55ರ ನಡುವಿನ ಸಂಗಮದೂರ, ಎಫ್ 8ರ ಕಂಡಿ, ಕಲ್ಲಿಗೆ ನೇರ ಎದುರಾಗಿ ಇಟ್ಟ ತ್ರಿಪಾದಿ ಇಷ್ಟಿದ್ದರೆ ಸಾಕು. 18ರಲ್ಲಿ ಹತ್ತಿರದಿಂದ ತೆಗೆದರೆ ಸಾಲುಗಳು ಅಂಚಿನಲ್ಲಿ ಬಾಗುತ್ತವೆ. ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳಬೇಕು. ಆಗ ಪ್ರತಿ ಅಕ್ಷರದ ಕುಳಿಯಲ್ಲಿ ನೆರಳು ನಿಂತು ಓದಲು ಬರುತ್ತದೆ. ಮುಂಜಾನೆಯ ಅಥವಾ ಸಂಜೆಯ ಬಿಸಿಲು ಉತ್ತಮ. ಒಳಗಾದರೆ ಬದಿಯಲ್ಲಿ ಹಿಡಿದ ಬ್ಯಾಟರಿ ಸಾಕು. ಅಕ್ಷರ ಎದ್ದು ಕಾಣಲೆಂದು ಕಲ್ಲಿಗೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚಲೇಬಾರದು.

ಒಂದೋ, ಎರಡೋ?

ಪೇಟೆಯಲ್ಲಿರುವ ಮಸೂರಗಳಲ್ಲಿ ನಾಲ್ಕು ಬಗೆ. ಕ್ಯಾಮರಾದೊಂದಿಗೆ ಬರುವ 18–55 ಸುಮಾರು 200 ಗ್ರಾಂ ತೂಗುತ್ತದೆ. ಕ್ಯಾನನ್‌ನ 18–135, ನಿಕಾನ್‌ನ 18–140 ಸುಮಾರು ಅರ್ಧ ಕಿಲೋ. ನಿಕಾನ್‌ನ 18–200, 2017ರಲ್ಲಿ ಬಂದ ಟ್ಯಾಮ್ರಾನ್‌ನ 18–400 ಮೊದಲಾದವು ಇನ್ನೂ ಉದ್ದ, ಇನ್ನೂ ಭಾರ. 400ರ ತುದಿಯಲ್ಲಿ ಟ್ಯಾಮ್ರಾನ್‌ನ ಕಂಡಿ 6.3ಕ್ಕೆ ಇಳಿಯುತ್ತದೆ. ಸಿಗ್ಮಾದ 17–50ರಂಥವು ಎಲ್ಲ ಅಂಕಿಗಳಲ್ಲೂ 2.8ರ ಕಂಡಿಯನ್ನು ಕೊಡುತ್ತವೆ, ಆದರೆ ದೂರ ಮುಟ್ಟುವುದಿಲ್ಲ.

ನಮ್ಮ ಲೆಕ್ಕಗಳು ಹೇಳುವುದಿಷ್ಟು: ದೂರದ ಕೊರತೆ ನಮಗೆ ವರ್ಷಕ್ಕೆ ಕೆಲವು ದಿನ, ಬೆಳಕಿನ ಕೊರತೆ ಪ್ರತಿದಿನ. ಆದುದರಿಂದ 400ರವರೆಗೆ ಚಾಚುವ ಒಂದು ಮಸೂರಕ್ಕಿಂತ 18–135 ಅಥವಾ 18–140ರ ಮಸೂರವೊಂದು, ಅದರೊಡನೆ ದೊಡ್ಡ ಕಂಡಿಯ ಚಿಕ್ಕ ಮಸೂರವೊಂದು ಇರುವುದು ಲೇಸು. ನಿಕಾನ್‌ಗೆ 35 ಮಿ.ಮೀ. ಎಫ್ 1.8 ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕ್ಯಾನನ್‌ಗೆ ಮುಖಚಿತ್ರಗಳಿಗಾಗಿ 50 ಮಿ.ಮೀ. ಎಫ್ 1.8, ಕೋಣೆಯ ಒಳಗಿಗಾಗಿ 24 ಮಿ.ಮೀ. ಎಫ್ 2.8 ಇವೆ. ಹಣದ ಅನುಕೂಲ ಕಡಿಮೆಯಿದ್ದರೆ 18–55 ಮತ್ತು ಇಂಥ ಚಿಕ್ಕ ಮಸೂರದ ಜೋಡಿಯೇ ಸಾಕು. ದೂರದ್ದನ್ನು ಆಮೇಲೆ ಕೊಳ್ಳಬಹುದು.

ನಿರ್ಧಾರ ಕಷ್ಟವೆನಿಸಿದವರು ಮೊದಲು 18–55ನ್ನೇ ಆರು ತಿಂಗಳು ಬಳಸಲಿ. ಪ್ರತಿ ಚಿತ್ರದ ಕಡತದಲ್ಲಿ ಅದನ್ನು ತೆಗೆದ ಸಂಗಮದೂರ ದಾಖಲಾಗಿರುತ್ತದೆ. ಬಹುಪಾಲು ಚಿತ್ರಗಳು 55ರಲ್ಲಿದ್ದರೆ ಉದ್ದದ ಮಸೂರ ಬೇಕೆಂದೂ, ಮಬ್ಬಿನಲ್ಲಿ ಕೆಟ್ಟವೇ ಹೆಚ್ಚಿದ್ದರೆ ದೊಡ್ಡ ಕಂಡಿಯದು ಬೇಕೆಂದೂ ತಿಳಿಯಬೇಕು. ಅಂಗಡಿಯವರ ಮಾತಿಗಿಂತ ಈ ಸಾಕ್ಷ್ಯ ಹೆಚ್ಚು ನಂಬಲರ್ಹ.

ಕೊಳ್ಳುವ ಮುನ್ನ

1. ಕ್ಯಾಮರಾಕ್ಕೂ ಮಸೂರಕ್ಕೂ ಹೊಂದಿಕೆಯನ್ನು ನೋಡಬೇಕು. ನಿಕಾನ್‌ನ ಡಿ3000 ಮತ್ತು ಡಿ5000 ಶ್ರೇಣಿಗಳಲ್ಲಿ ನಾಭೀಕರಣದ ಮೋಟಾರು ಒಡಲಲ್ಲಿಲ್ಲ. ಹಳೆಯ ಎ.ಎಫ್. ಮಸೂರಗಳು ಅವುಗಳಲ್ಲಿ ತಾವಾಗಿ ಸ್ಪಷ್ಟಗೊಳ್ಳುವುದಿಲ್ಲ. ಹೊಸ ಎ.ಎಫ್.-ಪಿ ಮಸೂರಗಳು ಕೆಲವು ಹಳೆಯ ಒಡಲುಗಳಲ್ಲಿ ನಡೆಯುವುದಿಲ್ಲ.

2. ಬಳಸಿದ ಮಸೂರವಾದರೆ ಹಿಂದಿನಿಂದ ಬ್ಯಾಟರಿಯ ಬೆಳಕು ಬಿಟ್ಟು ನೋಡಬೇಕು. ಜೇಡನ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟುಬಿಡುವುದೇ ಕ್ಷೇಮ.

3. ಸ್ವಂತ ಮೆಮೊರಿ ಕಾರ್ಡ್ ಒಯ್ದು, ಅಂಗಡಿಯ ಎದುರಿನ ಗೋಡೆಬರಹವನ್ನು ಎರಡೂ ತುದಿಗಳಲ್ಲಿ ತೆಗೆದು, ಮನೆಯಲ್ಲಿ ಗಣಕದ ಮೇಲೆ ನಾಲ್ಕು ಮೂಲೆಗಳನ್ನೂ ಪರೀಕ್ಷಿಸಬೇಕು.

4. ನಮ್ಮ ಬೇಸಿಗೆಯ ಗಾಳಿಯಲ್ಲಿ ಧೂಳು, ಮಗ್ಗದ ಮನೆಯಲ್ಲಿ ನೂಲಿನ ನವಿರು ಎಳೆಗಳು. ಇಂಥಲ್ಲಿ ಮಸೂರ ಬದಲಿಸಬಾರದು. ಅನಿವಾರ್ಯವಾದರೆ ಕ್ಯಾಮರಾ ನಿಲ್ಲಿಸಿ, ಬಾಯಿಯನ್ನು ಕೆಳಮುಖವಾಗಿ ಹಿಡಿದು ಬೇಗ ಬದಲಿಸಬೇಕು.

ಎಷ್ಟು ಒಳ್ಳೆಯ ಮಸೂರವಾದರೂ ಕಪಾಟಿನಲ್ಲಿದ್ದರೆ ಗಾಜು ಮಾತ್ರ. ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದ ಅಜ್ಜ ಅಜ್ಜಿಯರು, ನಮಗೆ ಅಕ್ಷರ ಕಲಿಸಿದ ಗುರುಗಳು, ಊರ ಗುಡಿಯ ಸವೆಯುತ್ತಿರುವ ಕಲ್ಲು ಇವೆಲ್ಲ ನಮ್ಮ ಅನುಕೂಲಕ್ಕಾಗಿ ಕಾಯುವುದಿಲ್ಲ. ಇದ್ದ ಮಸೂರದಿಂದಲೇ ಈ ವಾರ ಒಂದು ಚಿತ್ರ ತೆಗೆದು, ಯಾರು, ಎಲ್ಲಿ, ಯಾವ ದಿನ ಎಂಬುದನ್ನು ಕನ್ನಡದಲ್ಲಿ ಬರೆದಿಡೋಣ. ಶಾಲೆಯ ಶತಮಾನೋತ್ಸವದಲ್ಲಿ ಆ ಚಿತ್ರವನ್ನು ನೋಡುವ ಮಕ್ಕಳು ನಮ್ಮ ಮಸೂರದ ಬೆಲೆಯನ್ನು ಕೇಳಲಾರರು. ಚಿತ್ರದಲ್ಲಿರುವವರ ಹೆಸರನ್ನು ಕೇಳುತ್ತಾರೆ.