ಗದರಿಕೆಗೆ ಹೆದರಿ ಮುಚ್ಚಿಡಬೇಡ

ಡ್ಯೂಟಿ ಮುಗಿಸಿ ಬಂದು ಮಲಗಿದರೂ ‘ಆರನೇ ಬೆಡ್ಡಿನ ಡ್ರಿಪ್ ನಿಲ್ಲಿಸಿದೆನೋ ಇಲ್ಲವೋ’ ಎಂದು ಎದ್ದು ಕೂರುತ್ತೇನೆ ಅಂದೆಯಲ್ಲ ಮಗಳೇ, ಹೊಸದರಲ್ಲಿ ನಮ್ಮ ಬ್ಯಾಚಿನವರಿಗೂ ಹೀಗೇ ಆಗುತ್ತಿತ್ತು. ಆದರೆ ‘ನನಗೇ ಧೈರ್ಯ ಸಾಲದು ದೊಡ್ಡಮ್ಮ’ ಅಂದದ್ದನ್ನು ನಾನು ಒಪ್ಪುವುದಿಲ್ಲ. ತುಂಬಿದ ವಾರ್ಡಿಗೆ ಒಬ್ಬಳೇ ಸ್ಟಾಫ್ ನರ್ಸು. ರಾತ್ರಿ ಎರಡಕ್ಕೆ ಹೊಸ ಅಡ್ಮಿಶನ್, ಅತ್ತ ಒಬ್ಬರಿಗೆ ಆಕ್ಸಿಜನ್ ಇಳಿಯುತ್ತಿದೆ, ಇತ್ತ ರೋಗಿಯ ಕಡೆಯವರು ಡಾಕ್ಟರ್ ಎಲ್ಲಿ ಎಂದು ನಿನ್ನ ಮೇಲೆ ಕೂಗಾಡುತ್ತಿದ್ದಾರೆ. ಎದೆ ಹೊಡೆದುಕೊಳ್ಳದಿದ್ದರೇ ವಿಚಿತ್ರ. ಆ ಅಂಜಿಕೆಯಲ್ಲಿ ಅರ್ಧ ಪಾಲು ಡ್ಯೂಟಿ ಪಟ್ಟಿ ಹಾಕಿದವರದು.

ಉಳಿದರ್ಧ ಬೈಸಿಕೊಳ್ಳುವ ಭಯ. ಸೂಜಿ ಚುಚ್ಚಿಕೊಂಡರೂ ಗ್ಲೌಸ್ ಬದಲಿಸಿ, ತುಟಿ ಬಿಗಿಹಿಡಿದು ಕೆಲಸ ಮುಂದುವರಿಸುವ ಹುಡುಗಿಯರಿದ್ದಾರೆ. ಆಮೇಲೆ ತಿಂಗಳುಗಟ್ಟಲೆ ಒಳಗೊಳಗೇ ಬೇಯುತ್ತಾರೆ. ನೀನು ಹಾಗೆ ಮಾಡಬೇಡ. ಚುಚ್ಚಿದ ಜಾಗ ಹಿಂಡದೆ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ಇನ್‌ಚಾರ್ಜ್ ಸಿಸ್ಟರಿಗೆ ಹೇಳು. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ಡಾಕ್ಟರು ಹೇಳಿದರೆ ಎರಡು ಗಂಟೆಯೊಳಗೆ ಶುರುವಾಗುವುದು ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತಪ್ಪಿಸಬಾರದು. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆಯೇ, ನಾಳೆಯೇ ನೋಡಿಕೋ. ಬೈದರೆ ಬೈಯಲಿ ಬಿಡು.

ಎಲ್ಲ ಅಂಜಿಕೆಯೂ ಕೆಟ್ಟದ್ದೇನಲ್ಲ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಹಿಡಿದಾಗ ಕೈ ಒಂದು ಗಳಿಗೆ ತಡೆಯಬೇಕು. ಅದನ್ನು ನೇರ ರಕ್ತನಾಳಕ್ಕೆ ತಳ್ಳಿದರೆ ಹೃದಯವೇ ನಿಂತೀತು. ಪಕ್ಕದವಳನ್ನು ಕರೆ, ಲೇಬಲನ್ನು ಇಬ್ಬರೂ ಗಟ್ಟಿಯಾಗಿ ಓದಿ. ಯಾರಾದರೂ ನಕ್ಕರೆ ನಗಲಿ. ಹ್ಯಾಂಡೋವರನ್ನೂ ಹಾಗೆಯೇ, ಕೌಂಟರಿನಲ್ಲಿ ನಿಂತು ಗಡಿಬಿಡಿಯಲ್ಲಿ ಮುಗಿಸದೆ ಬೆಡ್ಡಿನಿಂದ ಬೆಡ್ಡಿಗೆ ನಡೆದು ಕೊಡು. ಆರನೇ ಬೆಡ್ಡು ಆಗ ಮನೆಯವರೆಗೆ ಬರುವುದು ಕಡಿಮೆಯಾಗುತ್ತದೆ.

ಇನ್ನು ಆ ಕೂಗಾಡುವವರ ಮಾತು. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈಮಾಡುವವರ ವಿರುದ್ಧ ನಮ್ಮ ರಾಜ್ಯದಲ್ಲಿ 2009ರಿಂದ ಕಾನೂನಿದೆ. 2024ರಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ವೈದ್ಯೆಯ ಕೊಲೆಯಾದ ಮೇಲೆ ಸಿಬ್ಬಂದಿಯ ಸುರಕ್ಷತೆಗೆಂದು ಸುಪ್ರೀಂ ಕೋರ್ಟು ಕಾರ್ಯಪಡೆಯನ್ನೂ ರಚಿಸಿತು. ಆದರೆ ಅಪರಾತ್ರಿಯಲ್ಲಿ ವಾರ್ಡಿನ ಬಾಗಿಲಿಗೆ ಬೇಕಾದದ್ದು ಸೆಕ್ಯೂರಿಟಿಯವನು. ಅವನಿಲ್ಲದಿದ್ದರೆ ನೀವು ನಾಲ್ಕಾರು ಜನ ಸೇರಿ ಸೂಪರಿಂಟೆಂಡೆಂಟರಿಗೆ ಬರೆದು ಕೊಡಿ. ಒಬ್ಬಳೇ ಹೋದರೆ ‘ಹೆದರುಪುಕ್ಕಲಿ’ ಅನ್ನುತ್ತಾರೆ, ಅದು ನನಗೆ ಚೆನ್ನಾಗಿ ಗೊತ್ತು.

ಸಾಲದ ಕಂತು ಕಟ್ಟಬೇಕೆಂದು ಡಬಲ್ ಡ್ಯೂಟಿ ಒಪ್ಪಿಕೊಳ್ಳಬೇಡ, ಅಪ್ಪನಿಗೆ ನಾನು ಹೇಳುತ್ತೇನೆ. ಇಷ್ಟಾಗಿಯೂ ನಿದ್ದೆ ಹತ್ತದೆ, ಡ್ಯೂಟಿಗೆ ಹೊರಡುವಾಗ ವಾಂತಿ ಬಂದಂತಾಗುತ್ತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲಿನಲ್ಲಿ ಸಂಕೋಚವಾದರೆ ನಮ್ಮ ಮನೆಗೆ ಬಂದು ಮಾಡು.