ಸಿಹಿ-ಹುಳಿಯ ಪಾಠ: ಹಸಿ ತರಕಾರಿಗೆ ಮನೆಯ ಗೊಜ್ಜು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ನಾನು ಶಾಲೆಯ ಇತಿಹಾಸವನ್ನೋ, ಗಡಿನಾಡಿನ ಕನ್ನಡದ ಅಳಿವು-ಉಳಿವಿನ ಚರ್ಚೆಯನ್ನೋ ಬರೆಯುವೆನೆಂದು ಅವರು ಭಾವಿಸಿದ್ದರು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಗೊಜ್ಜಿನ ವಿಷಯವಾಗಿ ಬರೆಯುತ್ತೇನೆ ಎಂದೆ. ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಹಿರಿಯರೆಂಬ ಗೌರವದಿಂದ ಏನೂ ಹೇಳದೆ ಕಾಫಿ ಕುಡಿದು ಎದ್ದರು.

ಇದಕ್ಕೆ ಕಾರಣವಿದೆ. ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮೆರಿಕದಿಂದ ದೂರವಾಣಿಯಲ್ಲಿ ಮಾತನಾಡಿದಳು. ಕುಶಲ ಪ್ರಶ್ನೆಗಳಾದ ಮೇಲೆ, "ಸಾರ್, ಇಲ್ಲಿ ಹಸಿ ತರಕಾರಿಗೆ ಕಲಸಿಕೊಳ್ಳಲು ಡ್ರೆಸಿಂಗ್ ಎಂದು ಶೀಷೆಗಳಲ್ಲಿ ಮಾರುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಸೌತೆಕಾಯಿಗೆ ಸಿಹಿಯಾಗಿ ಹುಳಿಯಾಗಿ ಒಂದು ಹಾಕುತ್ತಿದ್ದಿರಲ್ಲ, ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ನನ್ನ ಮಗಳು ಕೇಳುತ್ತಿದ್ದಾಳೆ. ಹೆಸರು ನಾಲಿಗೆಯ ಮೇಲೆಯೇ ಇದೆ, ಬರುತ್ತಿಲ್ಲ" ಎಂದಳು.

"ಗೊಜ್ಜು ಕಣಮ್ಮಾ" ಎಂದೆ.

ಆಕೆ ಬಹಳ ನಕ್ಕಳು. ನನಗೆ ನಗು ಬರಲಿಲ್ಲ. ರುಚಿ ಉಳಿದು ಹೆಸರು ಹೋಗಿತ್ತು. ಆ ಗೊಜ್ಜಿನ ಸಂಗಡ ನನ್ನ ಒಂದು ತಪ್ಪೂ ಸೇರಿಕೊಂಡಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಪಾಠ.

ಗೊಜ್ಜು ಎಂದರೆ ಹುಳಿ, ಬೆಲ್ಲ, ಉಪ್ಪು, ಖಾರ ಕೂಡಿದ ಗಟ್ಟಿ ದ್ರವ. ಒಲೆಯ ಮೇಲೆ ಕುದಿಸಿದ್ದು ಒಂದು ಬಗೆ. ಒಲೆಯನ್ನು ಮುಟ್ಟದೆ ಕೈಯಲ್ಲೇ ಕಿವುಚಿ ಮಾಡಿದ್ದು ಹಸಿ ಗೊಜ್ಜು. ನಮ್ಮ ಸೀಮೆಯಲ್ಲಿ ರಾಗಿಮುದ್ದೆಗೆ ಈ ಹಸಿ ಗೊಜ್ಜು ಹಳೆಯ ಜೊತೆಗಾರ. ನೆನೆಸಿದ ಹುಣಸೆ, ಸುಟ್ಟ ಮೆಣಸಿನಕಾಯಿ, ಜಜ್ಜಿದ ಈರುಳ್ಳಿ, ಉಪ್ಪು, ಚೂರು ಬೆಲ್ಲ, ಇಷ್ಟೇ. ಸೇಲಂ ಕಡೆಯ ತಮಿಳು ಮನೆಗಳಲ್ಲಿ ಇದನ್ನೇ ನೀರಾಗಿ ಮಾಡಿ 'ಪಚ್ಚೈ ಪುಳಿ ರಸಂ' ಎನ್ನುತ್ತಾರೆ. ತರಕಾರಿ ಹೆಚ್ಚಿ ಅದರ ಮೇಲೆ ಹಸಿ ಗೊಜ್ಜನ್ನು ಸುರಿದರೆ ಅಮೆರಿಕದ ಆ ಶೀಷೆಯ ಕೆಲಸವೇ ಆಯಿತು.

ತಮಿಳಿನ 'ಪುಳಿ' ನಮ್ಮಲ್ಲಿ 'ಹುಳಿ' ಆಯಿತೆಂಬುದನ್ನು ನನ್ನ ತರಗತಿಯಲ್ಲಿ ಕುಳಿತವರು ಮರೆತಿರಲಾರರು. ಹಳಗನ್ನಡದಲ್ಲಿ ನಾವೂ 'ಪುಳಿ' ಎಂದೇ ಅನ್ನುತ್ತಿದ್ದೆವು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪೊಗೆ ಹೊಗೆಯಾಯಿತು. ಹೊಗೆನಕಲ್ಲಿನ ಜಲಪಾತವನ್ನು ನೋಡಲು ಹೋದವರು ಅದರ ಹೆಸರಿನಲ್ಲಿ ಈ ಹಕಾರವನ್ನು ಗುರುತಿಸಬಹುದು. ತುಂತುರು ಹೊಗೆಯಂತೆ ಏಳುವ ಆ ಕಲ್ಲಿಗೆ ಕನ್ನಡಿಗರು ಇಟ್ಟ ಹೆಸರು ತಮಿಳುನಾಡಿನ ಭೂಪಟದಲ್ಲಿ ಇಂದಿಗೂ ಇದೆ. ಇನ್ನು 'ಪಚ್ಚಡಿ' ಎಂಬ ಮಾತು. ತಮಿಳರ ಮನೆಯಲ್ಲಿ ಕೇಳಿದರೆ ಮೊಸರಿನದ್ದನ್ನೋ, ಚಿತ್ತಿರೈ ಹಬ್ಬದ ಮಾವು-ಬೆಲ್ಲದ್ದನ್ನೋ ಕೊಡುತ್ತಾರೆ. ತೆಲುಗರ ಮನೆಯಲ್ಲಿ ಚಟ್ನಿಯೋ ಉಪ್ಪಿನಕಾಯಿಯೋ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಹಸಿ ತರಕಾರಿಯ ಕೋಸಂಬರಿ. ಮೂರು ಭಾಷೆಗಳು ಒಂದೇ ಬೀದಿಯಲ್ಲಿ ವಾಸಿಸುವ ನಮ್ಮಂಥ ಊರಿನಲ್ಲಿ ಈ ಒಂದು ಪದದಿಂದ ಊಟದ ಪಂಕ್ತಿಯಲ್ಲಿ ಎಷ್ಟೋ ಗೊಂದಲಗಳಾಗಿವೆ.

ಕನ್ನಡದಲ್ಲಿ ಅಡುಗೆಯನ್ನು ಶಾಸ್ತ್ರವೆಂದು ಬರೆದವರೂ ಇದ್ದಾರೆ. 16ನೆಯ ಶತಮಾನದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಪದ್ಯರೂಪದ ಪಾಕಗ್ರಂಥ. ಆದುದರಿಂದ ಮೇಷ್ಟ್ರೊಬ್ಬರು ಗೊಜ್ಜಿನ ಬಗ್ಗೆ ಬರೆಯುವುದು ಅಪಚಾರವಲ್ಲವೆಂದು ಸಂಪಾದಕರು ಸಮಾಧಾನ ಹೊಂದಬಹುದು.

ಹುಳಿಗಳಲ್ಲಿ ನಮ್ಮ ಸೀಮೆಯ ರಾಜ ಹುಣಸೆ. ಧರ್ಮಪುರಿ ಜಿಲ್ಲೆ 1965ರಲ್ಲಿ ಸೇಲಂನಿಂದ ಬೇರೆಯಾಯಿತು; ಕೃಷ್ಣಗಿರಿ 2004ರಲ್ಲಿ ಧರ್ಮಪುರಿಯಿಂದ ಬೇರೆಯಾಯಿತು. ಜಿಲ್ಲೆಗಳ ಹೆಸರು ಬದಲಾದರೂ ಮಾಘ-ಫಾಲ್ಗುಣ ಬಂತೆಂದರೆ ಹೆಂಗಸರು ಜಗಲಿಯಲ್ಲಿ ಕುಳಿತು ಹುಣಸೆ ಕುಟ್ಟಿ, ಓಡು, ನಾರು, ಬೀಜ ತೆಗೆಯುವ ಸದ್ದು ಬದಲಾಗಲಿಲ್ಲ. ಸಾಲುಮರಗಳ ಸಂಗತಿ ಬೇರೆ. ಹೆದ್ದಾರಿ ಅಗಲವಾದಾಗ ನಾನು ಸೈಕಲ್ಲಿನಲ್ಲಿ ನೆರಳು ಹಿಡಿದು ಹೋಗುತ್ತಿದ್ದ ಎಷ್ಟೋ ಹುಣಸೆ ಮರಗಳು ಉರುಳಿದವು.

ಹುಣಸೆಯ ಸ್ವಭಾವ ವಿಚಿತ್ರವಾದುದು. ಮಾವು, ಬಾಳೆ ಮೊದಲಾದ ಹಣ್ಣುಗಳು ಮಾಗಿದಂತೆ ಹುಳಿ ಕಳೆದುಕೊಂಡು ಸಿಹಿಯಾಗುತ್ತವೆ. ಹುಣಸೆ ಮಾಗುವಾಗ ಸಕ್ಕರೆ ಏರುತ್ತದೆ, ಆದರೆ ಹುಳಿ ಇಳಿಯುವುದಿಲ್ಲ. ಅದರಲ್ಲಿರುವುದು ಟಾರ್ಟಾರಿಕ್ ಆಮ್ಲ; 100 ಗ್ರಾಂ ತಿರುಳಿನಲ್ಲಿ ಸುಮಾರು 8ರಿಂದ 18 ಗ್ರಾಂವರೆಗೆ ಇರಬಹುದು. ನಿಂಬೆರಸದಲ್ಲಿ ಸಿಟ್ರಿಕ್ ಆಮ್ಲ ಸುಮಾರು 5ರಿಂದ 6 ಗ್ರಾಂ ಮಾತ್ರ. ನಿಂಬೆಯ ಹುಳಿ ಥಟ್ಟನೆ ಬಂದು ಥಟ್ಟನೆ ಹೋಗುತ್ತದೆ. ಹುಣಸೆಯದು ಬಾಯಲ್ಲಿ ನಿಲ್ಲುತ್ತದೆ. ನೆಲ್ಲಿಕಾಯಿಯ ರೀತಿಯೇ ಬೇರೆ, ತಿಂದು ನೀರು ಕುಡಿದರೆ ನೀರೇ ಸಿಹಿ. ಧರ್ಮಪುರಿಯ ಪ್ರಾಚೀನ ನಾಮ ತಗಡೂರು. ಅಲ್ಲಿಯ ಅರಸ ಅದಿಯಮಾನ್ ಆಯುಷ್ಯ ಕೊಡುವ ಅಪೂರ್ವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಅವ್ವೈಯಾರಿಗೆ ಕೊಟ್ಟನೆಂಬುದು ಸಂಗಂ ಸಾಹಿತ್ಯದಿಂದ ಬಂದ ಕಥೆ. ಇದನ್ನು ನಮ್ಮ ಮಕ್ಕಳು ತಮಿಳು ಪಾಠದಲ್ಲಿ ಓದಿ ಬಂದು ನನಗೇ ಹೇಳುತ್ತಿದ್ದರು.

ಈಗ ಬೆಲ್ಲ. ಬೆಲ್ಲ ಹಾಕಿದರೆ ಹುಳಿ ಸಾಯುತ್ತದೆ ಎಂಬುದು ನಮ್ಮ ಮನೆಗಳ ಮಾತು. ಇಲ್ಲಿಯೇ ನನ್ನ ತಪ್ಪಿನ ಕಥೆ ಬರುತ್ತದೆ.

1981ರ ಶಾಲಾ ವಾರ್ಷಿಕೋತ್ಸವ. ಇನ್ನೂರು ಮಂದಿಗೆ ಊಟ. ಗೊಜ್ಜನ್ನು ಹಿಂದಿನ ರಾತ್ರಿಯೇ ಕುದಿಸಿಟ್ಟರೆ ಬೆಳಗಿನ ಗಡಿಬಿಡಿ ತಪ್ಪುತ್ತದೆಂದು ನಾನೇ ಏರ್ಪಾಡು ಮಾಡಿದೆ. ಊರಿನ ಮನೆಗಳಿಂದ ಎರವಲು ತಂದ ಪಾತ್ರೆಗಳಲ್ಲಿ ಒಂದು ದೊಡ್ಡ ಹಿತ್ತಾಳೆಯ ಕೊಳಗವಿತ್ತು. ಅಡುಗೆಗೆ ಬಂದಿದ್ದ ಅಜ್ಜಿ ಅದರೊಳಗೆ ಕೈಯಾಡಿಸಿ, "ಮೇಷ್ಟ್ರೇ, ಇದಕ್ಕೆ ಕಲಾಯಿ ಹೋಗೈತೆ. ಹುಳಿ ಇಡಬ್ಯಾಡಿ" ಎಂದರು. ನನಗೆ ಆಗ ಮೂವತ್ತೊಂದು ವರ್ಷ. ಮಕ್ಕಳಿಗೆ ವಿಜ್ಞಾನ ಹೇಳುವವನೆಂಬ ಹಮ್ಮು. "ಅಜ್ಜೀ, ಅಷ್ಟು ಬೆಲ್ಲ ಹಾಕಿದ್ದೀರಿ, ಹುಳಿ ಸತ್ತೇಹೋಯಿತು. ಏನೂ ಆಗದು" ಎಂದೆ. ಅವರು ಮತ್ತೆ ಮಾತನಾಡಲಿಲ್ಲ. ಬೆಳಗ್ಗೆ ನೋಡಿದರೆ ಗೊಜ್ಜಿನ ಅಂಚಿನಲ್ಲಿ ಹಸಿರು ಛಾಯೆ ಇತ್ತು, ಅದನ್ನೂ ಕರಿಬೇವಿನದೆಂದುಕೊಂಡೆ. ಮೊದಲ ಪಂಕ್ತಿಯಲ್ಲಿ ಉಂಡ ಹನ್ನೊಂದು ಮಕ್ಕಳಿಗೆ ಗಂಟೆಯೊಳಗೆ ವಾಂತಿಯಾಯಿತು. ಸಂಜೆಯ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು. ಡಾಕ್ಟರರು ಪಾತ್ರೆಯನ್ನು ನೋಡಿ ನನ್ನನ್ನು ನೋಡಿದರು, ಅಷ್ಟೇ. ತಂದೆತಾಯಿಯರಲ್ಲಿ ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕಾರಣ ಹೀಗಿದೆ. ಬೆಲ್ಲವು ಆಮ್ಲವನ್ನು ಸ್ವಲ್ಪವೂ ಕಡಿಮೆ ಮಾಡುವುದಿಲ್ಲ. ನಾಲಿಗೆಗೆ ಮಾತ್ರ ಅದನ್ನು ಮರೆಮಾಚುತ್ತದೆ. ಅಡುಗೆ ಸೋಡಾ ಹಾಕಿದರೆ ಆಮ್ಲ ನಿಜವಾಗಿ ಸಾಯುತ್ತದೆ, ನೊರೆ ಬರುತ್ತದೆ; ಬೆಲ್ಲ ಹಾಕಿದರೆ ನೊರೆ ಬರುವುದಿಲ್ಲವೆಂಬುದನ್ನು ಯಾವ ಮಗುವೂ ನೋಡಬಹುದು. ನಾಲಿಗೆ ಮೋಸಹೋದರೂ ಹಿತ್ತಾಳೆ ಮೋಸಹೋಗದು. ಅದರೊಳಗಿನ ತಾಮ್ರ ರಾತ್ರಿಯೆಲ್ಲ ಹುಳಿಯಲ್ಲಿ ಕರಗಿತು. ತವರವನ್ನು ಬಳಿದು ಕಲಾಯಿ ಮಾಡುವುದು ಈ ಎರಡರ ನಡುವೆ ಗೋಡೆ ಕಟ್ಟುವುದಕ್ಕೆ. ಹುಣಸೆಹಣ್ಣಿನಿಂದ ತಿಕ್ಕಿದರೆ ಹಿತ್ತಾಳೆ ಬೆಳಗುತ್ತದೆಂದು ನಾನೇ ತರಗತಿಯಲ್ಲಿ ಹೇಳಿದ್ದೆ. ಬೆಳಗುವುದೆಂದರೆ ಮೇಲಿನ ಪದರ ಕರಗುವುದೆಂದು ಆ ರಾತ್ರಿ ಹೊಳೆಯಲಿಲ್ಲ.

ಹಾಗಾದರೆ ಯಾವ ಪಾತ್ರೆ? ಸೇಲಂನಲ್ಲಿ ಬಳಪದ ಕಲ್ಲಿನ ಕಲ್ಚಟ್ಟಿಗಳು ಪ್ರಸಿದ್ಧ. ಹುಳಿಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ. ಹೊಸದನ್ನು ಮಾತ್ರ ಅಕ್ಕಿ ತೊಳೆದ ನೀರು, ಗಂಜಿ ತುಂಬಿ ಕೆಲವು ದಿನ ಪಳಗಿಸದೆ ಒಲೆಗೆ ಇಡಬಾರದು, ಸೀಳಿಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆಗಬಹುದು. ಅದನ್ನು ತಯಾರಿಸುವ ಉಕ್ಕಿನ ಕಾರ್ಖಾನೆ ಸೇಲಂನಲ್ಲಿಯೇ ಇದೆ. ಗಾಜು, ಪಿಂಗಾಣಿ ಸರಿ. ಅಲ್ಯೂಮಿನಿಯಂ ಬೇಡ.

ಇನ್ನು ಮಾಡುವ ಕ್ರಮ. ನಾಲ್ಕು ಜನರಿಗೆ, ಅರ್ಧ ಕಿಲೋ ತರಕಾರಿಗೆ ಲೆಕ್ಕ ಹೇಳುತ್ತೇನೆ. 25 ಗ್ರಾಂ ಹುಣಸೆಹಣ್ಣು, ಅಂದರೆ ಸಣ್ಣ ನಿಂಬೆಹಣ್ಣಿನ ಗಾತ್ರ. ಅದನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಕಿವುಚಿ, ಸೋಸಬೇಕು. 40 ಗ್ರಾಂ ಬೆಲ್ಲವನ್ನು ಬೇರೆಯಾಗಿ ಎರಡು ಚಮಚ ನೀರಿನಲ್ಲಿ ಕರಗಿಸಿ ಸೋಸಬೇಕು; ಸೋಸದಿದ್ದರೆ ಮರಳು ಹಲ್ಲಿಗೆ ಸಿಗುತ್ತದೆ. ಎರಡನ್ನೂ ಕೂಡಿಸಿ, ಅರ್ಧ ಚಮಚ ಉಪ್ಪು, ಕಾಲು ಚಮಚ ಮೆಣಸಿನಪುಡಿ ಹಾಕಿ, ಚಮಚದ ಬೆನ್ನಿಗೆ ಅಂಟುವಷ್ಟು ಕುದಿಸಿ ಇಳಿಸಬೇಕು. ಆರಿದ ಮೇಲೆ ಹುರಿದ ಜೀರಿಗೆಯ ಪುಡಿ. ಇದು ಗಾಜಿನ ಶೀಷೆಯಲ್ಲಿ, ತಂಪು ಪೆಟ್ಟಿಗೆಯಲ್ಲಿ ಒಂದು ವಾರ ಇರುತ್ತದೆ. ಹಸಿ ಗೊಜ್ಜಾದರೆ ಅಂದಂದಿಗೇ ಮುಗಿಸಬೇಕು.

ಪಾಶ್ಚಾತ್ಯರ ಡ್ರೆಸಿಂಗಿನಲ್ಲಿ ಎಣ್ಣೆಯೇ ಪ್ರಧಾನ. ಫ್ರೆಂಚರ ಹಳೆಯ ಲೆಕ್ಕದಲ್ಲಿ ಮೂರು ಪಾಲು ಎಣ್ಣೆಗೆ ಒಂದು ಪಾಲು ವಿನಿಗರ್. ನಮ್ಮದರಲ್ಲಿ ಎಣ್ಣೆ ಒಗ್ಗರಣೆಯಷ್ಟು. ಎಣ್ಣೆ ಬೇಕೆನ್ನುವವರು ಎಳ್ಳೆಣ್ಣೆಯನ್ನು ಬಳಸಲಿ. ಆದರೆ ಎಣ್ಣೆ-ನೀರು ಕೂಡುವುದಿಲ್ಲವಲ್ಲ. ಅದಕ್ಕೆ ಮಧ್ಯಸ್ಥಿಕೆ ಮಾಡುವುದು ಸಾಸಿವೆ. ಅರ್ಧ ಚಮಚ ಸಾಸಿವೆಯನ್ನು ತಣ್ಣೀರು ಹಾಕಿ ಅರೆದು ಹತ್ತು ನಿಮಿಷ ಬಿಡಬೇಕು. ಸಾಸಿವೆಯ ಘಾಟು ಕಾಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ; ಅರೆದಾಗ ಒಳಗಿನ ಕಿಣ್ವವು ನೀರಿನೊಂದಿಗೆ ಕೆಲಸ ಮಾಡಿ ಅದನ್ನು ಹುಟ್ಟಿಸುತ್ತದೆ. ಬಿಸಿನೀರು ಹಾಕಿದರೆ ಕಿಣ್ವ ಸತ್ತು ಕಹಿ ಮಾತ್ರ ಉಳಿಯುತ್ತದೆ. ಘಾಟು ಬಂದ ಮೇಲೆ ಎರಡು ಚಮಚ ನಿಂಬೆರಸ, ಒಂದು ಚಮಚ ಜೇನು ಅಥವಾ ಬೆಲ್ಲದ ಪಾಕ, ಒಂದು ಚಮಚ ಎಳ್ಳೆಣ್ಣೆ, ಚಿಟಿಕೆ ಉಪ್ಪು ಕೂಡಿಸಿ, ಶೀಷೆಯಲ್ಲಿ ಮುಚ್ಚಿ ಕುಲುಕಿದರೆ ಎಲ್ಲವೂ ಒಂದಾಗುತ್ತದೆ. ಇದು ಎಲೆಕೋಸಿಗೆ ಬಹಳ ಹೊಂದುತ್ತದೆ.

ಮಾವಿನ ಕಾಲದಲ್ಲಿ ಇಷ್ಟೂ ಶ್ರಮ ಬೇಡ. ನಾವು ಗಿಣಿಮೂತಿ ಅಥವಾ ತೋತಾಪುರಿ ಎನ್ನುವ ಕಾಯಿಯನ್ನು ಇಲ್ಲಿ ತಮಿಳರು 'ಬೆಂಗಳೂರಾ' ಎನ್ನುತ್ತಾರೆ. ಅದನ್ನು ತುರಿದು, ಪುಡಿಬೆಲ್ಲ, ಉಪ್ಪು, ಹಸಿಮೆಣಸಿನಕಾಯಿ ಬೆರೆಸಿ ಅರ್ಧ ಗಂಟೆ ಮುಚ್ಚಿಟ್ಟರೆ ತಾನೇ ರಸ ಬಿಡುತ್ತದೆ. ಆ ರಸವೇ ಗೊಜ್ಜು.

ಈ ರಸ ಬಿಡುವ ಗುಣವನ್ನು ಮರೆತರೆ ಕೋಸಂಬರಿ ಕೆಡುತ್ತದೆ. ಉಪ್ಪು-ಸಿಹಿ ತಾಗಿದೊಡನೆ ಸೌತೆಕಾಯಿಯೊಳಗಿನ ನೀರು ಹೊರಕ್ಕೆ ಹರಿಯುತ್ತದೆ. ಏಳನೆಯ ತರಗತಿಯಲ್ಲಿ ಅಭಿಸರಣೆ ಎಂಬ ಹೆಸರಿನಲ್ಲಿ ನೀವು ಉರುಹಚ್ಚಿದ್ದು ಇದನ್ನೇ. ಆದುದರಿಂದ ಮುಂಚಿತವಾಗಿ ಕಲಸಿಡಬಾರದು. ಸೇಲಂನ ತಟ್ಟುವಡೆ ಸೆಟ್ಟಿನ ಅಂಗಡಿಗಳನ್ನು ಸಂಜೆ ಗಮನಿಸಿರಿ. ಕ್ಯಾರೆಟ್, ಬೀಟ್‌ರೂಟ್ ತುರಿ ಒಂದು ಕಡೆ, ಕೆಂಪು ಹಸಿರು ಚಟ್ನಿಗಳು ಇನ್ನೊಂದು ಕಡೆ. ನೀವು ಕೇಳಿದ ಮೇಲೆಯೇ ಎರಡು ತಟ್ಟುವಡೆಗಳ ನಡುವೆ ಅವನ್ನು ಸೇರಿಸುತ್ತಾರೆ. ಮೊದಲೇ ಸೇರಿಸಿದರೆ ವಡೆ ಮೆತ್ತಗಾಗುತ್ತದೆಂದು ಯಾವ ಪುಸ್ತಕವೂ ಅವರಿಗೆ ಹೇಳಿಕೊಡಲಿಲ್ಲ.

ಮಧುಮೇಹವಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಬೆಲ್ಲ ಸಕ್ಕರೆಯಲ್ಲವೆಂದು ಸಮಾಧಾನ ಮಾಡಿಕೊಳ್ಳಬೇಡಿ. ಅದೂ ಬಹುಪಾಲು ಸಕ್ಕರೆಯೇ. ನಾನು ಹದಿನೈದು ವರ್ಷಗಳಿಂದ ಮಾತ್ರೆ ನುಂಗುತ್ತಿರುವವನು. ನನ್ನ ಪಾಲಿಗೆ ಬೆಲ್ಲವನ್ನು ಕಾಲು ಭಾಗಕ್ಕೆ ಇಳಿಸಿ, ಹುಣಸೆಯನ್ನೂ ಅರ್ಧ ಮಾಡಿ, ಹುರಿದ ಕಡಲೆಕಾಯಿಯ ಪುಡಿಯನ್ನು ಹೆಚ್ಚಿಸಿಕೊಳ್ಳುತ್ತೇನೆ. ರುಚಿ ಕಡಿಮೆಯಾಗುತ್ತದೆ, ನಿಜ.

ಅಮೆರಿಕದ ಆ ಮಗುವಿಗೆ ಈ ಲೆಕ್ಕವನ್ನೆಲ್ಲ ಕನ್ನಡದಲ್ಲಿಯೇ ಬರೆದು ಅಂಚೆಯಲ್ಲಿ ಕಳುಹಿಸಿದೆ. ಆಕೆ ಅದನ್ನು ಮಗಳಿಗೆ ಓದಿ ಹೇಳಿದಳಂತೆ. ಮಗಳು 'ಗೊಜ್ಜು' ಎಂಬ ಎರಡಕ್ಷರವನ್ನು ಬರೆಯಲು ಕಲಿತು, ಒತ್ತಕ್ಷರ ಮಾತ್ರ ತಲೆಕೆಳಗಾಗಿ ಬರೆದು, ಶೀಷೆಗೆ ಅಂಟಿಸಿದ ಚಿತ್ರವನ್ನು ಕಳುಹಿಸಿದ್ದಾಳೆ. 1981ರಲ್ಲಿ ವಾಂತಿ ಮಾಡಿಕೊಂಡ ಹನ್ನೊಂದು ಮಕ್ಕಳಲ್ಲಿ ಈಕೆಯೂ ಒಬ್ಬಳು. ಆಗ ನಾಲ್ಕನೆಯ ತರಗತಿ. ಅದು ಆಕೆಗೆ ನೆನಪಿದೆಯೇ ಎಂದು ದೂರವಾಣಿಯಲ್ಲಿ ಕೇಳಲು ನನಗೆ ಧೈರ್ಯ ಬರಲಿಲ್ಲ. ಕಾಗದದ ಕೊನೆಯಲ್ಲಿ, ಯಾವ ಪಾತ್ರೆಯಲ್ಲಿ ಇಡಬಾರದೆಂಬುದನ್ನು ಮಾತ್ರ ಎರಡು ಸಲ ಬರೆದು ಅಡಿಗೆರೆ ಹಾಕಿದ್ದೆ.